ಅಕ್ಕಿ ಚೀಲ ತೊಟ್ಟು ಓಣಿ ಕಾದೆವು

ಇದು ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ನಡೆದದ್ದು. ಒಂದು ಫ್ಲೆಕ್ಸ್ ಹರಿದ ಸುದ್ದಿಗೆ ರಾಯಚೂರು ಹೊತ್ತಿಕೊಂಡಿತ್ತು. ಅದನ್ನು ಯಾರಾದರೂ ಹರಿದರೋ, ಗಾಳಿಗೆ ತಾನೇ ಹರಿಯಿತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಅಂಗಡಿಗಳಿಗೆ ಕಲ್ಲು ಬಿತ್ತು, ಒಂದು ಆಟೋ ಸುಟ್ಟಿತು, ಮೊಬೈಲಿನಲ್ಲಿ ನೆಟ್ ನಿಂತಿತು. ನೆಟ್ ನಿಂತ ಮೇಲೆ ಸುಳ್ಳು ಸುದ್ದಿ ನಿಲ್ಲುತ್ತದೆ ಎಂದುಕೊಂಡಿದ್ದೆ. ಅದು ಬಾಯಿಂದ ಬಾಯಿಗೆ ಇನ್ನೂ ಜೋರಾಗಿ ಓಡಾಡಿತು.

ನಾನು ಹೊಲಿಗೆ ಕೆಲಸದವಳು, ಹೆಸರು ಹುಲಿಗೆಮ್ಮ. ಅರಕೇರಾದಲ್ಲಿ ಹುಟ್ಟಿ, ದೇವದುರ್ಗದಲ್ಲಿ ಹೊಲಿಗೆ ಕಲಿತು, ಮದುವೆಯಾಗಿ ರಾಯಚೂರಿಗೆ ಬಂದೆ. ಬಾಯಿ ಜೋರು ಎಂದು ಓಣಿಯಲ್ಲಿ ಹೆಸರು ಮಾಡಿದ್ದೇನೆ, ಅದನ್ನು ಅಲ್ಲಗಳೆಯುವುದಿಲ್ಲ. ಎರಡು ಓಣಿ ಕೂಡುವ ಮೂಲೆಯಲ್ಲಿ ನಮ್ಮ ಲೇಡೀಸ್ ಟೇಲರ್ ಅಂಗಡಿ ಇದೆ. ನಮ್ಮ ಅಂಗಡಿ ಎಂದರೆ ನನ್ನದು ಮತ್ತು ಹಸೀನಾಳದು. ಹಸೀನಾ ಮಾನ್ವಿ ಕಡೆಯವಳು, ಮನೆ ಆಚೆ ಓಣಿಯಲ್ಲಿ, ಅವಳ ಗಂಡ ಮಹಬೂಬ ಅಕ್ಕಿ ಗಿರಣಿಯಲ್ಲಿ ಹಮಾಲಿ. ನನ್ನ ಮಷೀನು ಒಳಗೆ ಗೋಡೆಗೆ ಒತ್ತಿ, ಅವಳ ಮಷೀನು ಬಾಗಿಲ ಹತ್ತಿರ. ಬೆಳಕು ಅವಳಿಗೆ ಬೇಕು, ಫ್ಯಾನು ನನಗೆ ಬೇಕು. ನಮ್ಮಿಬ್ಬರ ನಡುವೆ ಜಗಳ ಆಗಿದ್ದರೆ ಫ್ಯಾನಿಗಾಗಿ ಮಾತ್ರ.

ನಮ್ಮೂರಲ್ಲಿ ಯಾವ ಮೆರವಣಿಗೆ ಹೊರಟರೂ ಹೆಗಲಿಗೆ ಶಲ್ಯ ಬೇಕೇ ಬೇಕು. ಇವರದೊಂದು ಬಣ್ಣ, ಅವರದೊಂದು ಬಣ್ಣ. ಎಲ್ಲದರ ಅಂಚು ಮಡಚುವುದು ನಮ್ಮಂಥವರ ಮಷೀನೇ. ಗಲಾಟೆಗೆ ಸ್ವಲ್ಪ ದಿನ ಮೊದಲು ಒಬ್ಬ ಗುತ್ತಿಗೆದಾರ ಬಟ್ಟೆಯ ದೊಡ್ಡ ಗಂಟು ತಂದು, ಮರುದಿನವೇ ಬೇಕು ಎಂದು ಕುತ್ತಿಗೆಯ ಮೇಲೆ ಕೂತ. ಬಣ್ಣ ಯಾವುದು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವ ನೀವೂ ಒಂದು ಕಡೆ ನಿಂತುಬಿಡುತ್ತೀರಿ. ಆ ವಾರ ಎಲ್ಲ ಬಣ್ಣದವರೂ ಒಂದೇ ರೀತಿ ನಡೆದುಕೊಂಡರು ಎಂಬುದು ಮಾತ್ರ ನಿಜ.

ಅರ್ಧ ಕೆಲಸ ಆಗುವಷ್ಟರಲ್ಲಿ ಆ ಬಣ್ಣದ ದಾರ ಮುಗಿಯಿತು. ರಾತ್ರಿಯಾಗಿತ್ತು, ತರಲು ಅಂಗಡಿ ತೆರೆದಿರಲಿಲ್ಲ. ಯಾರದೋ ಮದುವೆಯ ಕುಪ್ಪಸಕ್ಕೆ ತಂದ ಗುಲಾಬಿ ದಾರದ ರೀಲುಗಳು ಇದ್ದವು. ಹಸೀನಾ ಅದನ್ನು ಎತ್ತಿ ತೋರಿಸಿ, "ಅಕ್ಕಾ, ಇದನ್ನ ಹಾಕ್ಲಾ?" ಎಂದಳು. "ಹಾಕ್ ಬೇ. ಅಂಚು ಯಾರ್ ನೋಡ್ತಾರ?" ಎಂದೆ. ಉಳಿದ ಶಲ್ಯಗಳಿಗೆಲ್ಲ ಗುಲಾಬಿ ಹೊಲಿಗೆ ಬಿತ್ತು. ಗುತ್ತಿಗೆದಾರ ಅವಸರದಲ್ಲಿ ನೋಡಲೂ ಇಲ್ಲ.

ಕಲ್ಲು ಬಿದ್ದ ಮರುದಿನ ಪೊಲೀಸರು ಬಂದು, ದೊಡ್ಡ ರಸ್ತೆ ನೋಡಿಕೊಳ್ಳುವುದೇ ತಮಗೆ ಸಾಕಾಗಿದೆ, ನಿಮ್ಮ ಓಣಿಯ ಮೇಲೆ ನೀವೂ ಸ್ವಲ್ಪ ಕಣ್ಣಿಡಿ ಎಂದು ಹೇಳಿ ಹೋದರು. ಸಂಜೆ ನಮ್ಮ ಅಂಗಡಿ ಮುಂದೆಯೇ ಜನ ಸೇರಿದರು. ಗಿರಣಿ ಮಾಲೀಕ ಶರಣಪ್ಪ ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಕೂತರು. ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು, ಯಾರಿಗೂ ಕೆಟ್ಟವರಾಗದ ಮನುಷ್ಯ. ಮಹಬೂಬ ಅವರ ಗಿರಣಿಯಲ್ಲೇ ಚೀಲ ಹೊರುತ್ತಾನೆ. ಅವನೂ ಅವನ ಓಣಿಯ ಇನ್ನೂ ಕೆಲವರೂ ಸ್ವಲ್ಪ ದೂರದಲ್ಲಿ ಲೈಟಿನ ಕಂಬದ ಹತ್ತಿರ ನಿಂತಿದ್ದರು. ಕರೆದರೆ ಬರೋಣ ಎನ್ನುವಂತೆ ನಿಂತಿದ್ದರು.

ಸಾಹುಕಾರರು ಮೊದಲು ಮಾತಾಡಿದ್ದು ನನ್ನ ಹತ್ತಿರ. "ಹುಲಿಗೆಮ್ಮಾ, ಒಂದು ಮಾತು. ಹಸೀನಾನ ಮಷೀನು ನಾಕು ದಿನ ಆಕಿ ಮನ್ಯಾಗ ಇಡ್ಸು. ಆಕಿ ಸಲುವಾಗೇ ಹೇಳಾಕತ್ತೀನಿ."

ಹಸೀನಾ ಒಳಗೇ ಇದ್ದಳು. ಅವಳ ಮಷೀನಿನ ಸದ್ದು ನಿಂತಿತು. ನಾಲ್ಕು ದಿನಕ್ಕೆಂದು ಎತ್ತಿದ ಮಷೀನು ಮತ್ತೆ ಬಾಗಿಲಿಗೆ ಬರುವುದಿಲ್ಲ, ಇದು ಅವಳಿಗೂ ಗೊತ್ತು, ನನಗೂ ಗೊತ್ತು. ಮೊದಲು ಮಷೀನು ಹೋಗುತ್ತದೆ, ಆಮೇಲೆ ಗಿರಾಕಿ ಹೋಗುತ್ತಾರೆ, ಆಮೇಲೆ ಎರಡು ಓಣಿಯ ನಡುವೆ ಹೋಗಿಬರುವುದೇ ನಿಲ್ಲುತ್ತದೆ. ನನಗೆ ಮೈಯೆಲ್ಲ ಉರಿಯಿತು.

"ಸಾವ್ಕಾರ್ರೀ, ಆಕಿ ಮಷೀನು ಹೊರಗ ಹೋದ್ರ ನಂದೂ ಹೋಗ್ತದ. ನಿಮ್ಮ ಸೊಸಿ ಕುಪ್ಪಸ ಅರ್ಧಕ್ಕ ನಿಂತದ, ಅದನ್ನೂ ಹಂಗೇ ಒಯ್ದುಬಿಡ್ರಿ," ಎಂದೆ. ಅವರು ಶಿವಾ ಎಂದು ಕುರ್ಚಿಗೆ ಒರಗಿದರು.

ಆಗ ವೀರೇಶ ಬಂದ. ಮೊಬೈಲ್ ರಿಪೇರಿ ಅಂಗಡಿಯ ಹುಡುಗ, ರಕ್ತ ಬಿಸಿ. ಒಂದು ಕಂಕುಳಲ್ಲಿ ಬಟ್ಟೆಯ ಥಾನು, ಇನ್ನೊಂದರಲ್ಲಿ ಗ್ರಿಲ್ ಅಂಗಡಿಯಿಂದ ತಂದ ಕಬ್ಬಿಣದ ರಾಡುಗಳು. ರಾಡುಗಳನ್ನು ನನ್ನ ಕಟ್ಟೆಯ ಮೇಲೆ ಸುರಿದ. "ಅಕ್ಕಾ, ಈ ಬಟ್ಟ್ಯಾಗ ತೋಳಿಲ್ಲದ ಜಾಕೀಟು ಹೊಲಿ. ಗಸ್ತು ತಿರಗುವಾಗ ನಮ್ಮವ್ರು ಯಾರು ಅಂತ ತಿಳೀಬೇಕಲ್ಲ."

ಬಟ್ಟೆಯ ಬಣ್ಣ ನೋಡಿದ ಕೂಡಲೇ ಕಂಬದ ಹತ್ತಿರ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಮಹಬೂಬ ತಿರುಗಿ ನಡೆಯತೊಡಗಿದ. ಅವರ ಓಣಿಯಲ್ಲಿ ಅವರದೇ ಒಂದು ಗಸ್ತು, ಅವರದೇ ಒಂದು ಬಣ್ಣ, ಅವರದೇ ರಾಡುಗಳು ಶುರುವಾಗುವುದಕ್ಕೆ ಇನ್ನು ಒಂದು ರಾತ್ರಿ ಸಾಕಿತ್ತು. ನಡುವೆ ಸಿಗುವುದು ನಮ್ಮ ಅಂಗಡಿ.

"ಏ ಮಹಬೂಬಾ, ನಿಂದ್ರು!" ಎಂದು ಕೂಗಿದೆ. ನನ್ನ ದನಿಗೆ ಎಲ್ಲರೂ ನಿಂತರು. ವೀರೇಶನಿಗೆ ಹೇಳಿದೆ: "ಈ ಬಣ್ಣ ಹೊಲಿಯಂಗಿಲ್ಲ. ರಾಡೂ ತಗೊಂಡು ಹೋಗು."

"ಕೈಯಾಗ ಏನರ ಇರಬೇಕಲ್ಲಕ್ಕ?"

"ರಾಡು ಹಿಡದ್ರ ಕೈ ತುರಸ್ತದ. ಹೊರಗಿನವ್ರು ಬರಲಿಲ್ಲಂದ್ರ ಒಳಗಿನವ್ರನ್ನೇ ಹುಡುಕ್ತದ. ಟಾರ್ಚ್ ಹಿಡಿ. ಒಂದು ತಾಟು, ಒಂದು ಸವಟು ಇಟ್ಕೋ. ಯಾರರ ಬಂದ್ರ ಬಾರಸು, ಎರಡೂ ಓಣಿ ಎದ್ದು ಬರ್ತದ."

ತಾಟು ಸವಟಿಗೆ ಕೆಲವರು ನಕ್ಕರು. ಆದರೆ ಜಾಕೀಟಿನ ಮಾತು ಮುಗಿಯಲಿಲ್ಲ, ಕತ್ತಲಲ್ಲಿ ಗುರುತು ಬೇಕು ಎನ್ನುವುದು ಸರಿಯೇ ಇತ್ತು. ಯಾವ ಬಣ್ಣ? ಹಸಿರು ಎಂದರು ಒಬ್ಬರು, ಅದು ಅವರದಾಗುತ್ತದೆ, ರೈತ ಸಂಘದವರದೂ ಆಗುತ್ತದೆ ಎಂದರು ಇನ್ನೊಬ್ಬರು. ನೀಲಿ ಎಂದರೆ ಒಂದು ಕಡೆಯವರದು, ಕೆಂಪು ಎಂದರೆ ಇನ್ನೊಂದು ಕಡೆಯವರದು. ಬಿಳಿ ಎಂದರೆ ಓಟು ಕೇಳಲು ಬಂದವರ ಹಾಗೆ ಕಾಣುತ್ತದೆ. ಕಪ್ಪು ಹಾಕಿಕೊಂಡು ಕತ್ತಲಲ್ಲಿ ನಿಂತರೆ ಕಳ್ಳರೇ. ಇಷ್ಟು ವರ್ಷ ಬಟ್ಟೆಯ ನಡುವೆಯೇ ಬಾಳಿದ ನನಗೆ, ಯಾರಿಗೂ ಸೇರದ ಒಂದು ಬಣ್ಣ ನಮ್ಮೂರಲ್ಲಿ ಉಳಿದಿಲ್ಲ ಎಂದು ಅವತ್ತು ತಿಳಿಯಿತು. ದುಃಖವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸಿಟ್ಟಿನಲ್ಲೇ ಕೈಗೆ ಸಿಕ್ಕದ್ದನ್ನು ಎಳೆದೆ. ಅದು ಚಿಂದಿ ತುಂಬಿಟ್ಟ ಅಕ್ಕಿ ಚೀಲ, ಸಾಹುಕಾರರ ಗಿರಣಿಯದೇ. ಚಿಂದಿ ನೆಲಕ್ಕೆ ಸುರಿದೆ, ಕತ್ರಿಯಿಂದ ತಳದಲ್ಲಿ ಕುತ್ತಿಗೆಗೊಂದು, ಎರಡೂ ಪಕ್ಕ ಕೈಗೊಂದೊಂದು ತೂತು ಮಾಡಿ, ಸೀರೆಯ ಮೇಲೇ ತೊಟ್ಟು ಹೊರಗೆ ಬಂದೆ. ಎದೆಯ ಮೇಲೆ ಸೋನಾ ಮಸೂರಿ ಎಂದು ದೊಡ್ಡದಾಗಿ, ಗಿರಣಿಯ ಹೆಸರು ಸಣ್ಣದಾಗಿ, ತಲೆಕೆಳಗಾಗಿ ಬರೆದಿತ್ತು.

ಮೊದಲು ನಕ್ಕವಳು ಹಸೀನಾ. ಅವಳು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು. ಆಮೇಲೆ ಎಲ್ಲರೂ ನಕ್ಕರು. "ಈ ಬಣ್ಣ ಯಾರದು ಹೇಳ್ರಿ ನೋಡೋಣು," ಎಂದೆ. ಕಂಬದ ಹತ್ತಿರದಿಂದ ಮಹಬೂಬ ಬಂದು ಚೀಲ ಮುಟ್ಟಿ ನೋಡಿ, "ದಿನಾ ನಾವು ಚೀಲ ಹೊರ್ತೀವಿ. ಇವತ್ತು ಚೀಲ ನಮ್ಮನ್ನ ಹೊರ್ಲಿ ತಗೋರಿ," ಎಂದ. ಸಾಹುಕಾರರಿಗೆ ತಮ್ಮ ಗಿರಣಿಯ ಹೆಸರು ಓಣಿಯೆಲ್ಲ ತಿರುಗುವುದು ಒಳಗೊಳಗೇ ಹಿತವಾಗಿರಬೇಕು, ಖಾಲಿ ಚೀಲದ ಕಟ್ಟು ಕಳಿಸಿಕೊಟ್ಟರು. ಮಷೀನಿನ ಮಾತು ಮತ್ತೆ ಎತ್ತಲಿಲ್ಲ.

ಆದರೆ ಹೆಣ್ಣುಮಕ್ಕಳು ಮನೆಯಲ್ಲಿರಲಿ ಎಂದು ವೀರೇಶ ಹೇಳಿ ನೋಡಿದ. "ಮೂಲಿ ನಂದು, ಮೊದಲ ಚೀಲ ತೊಟ್ಟಾಕಿನೂ ನಾನು. ನಿನಗ ಅಂಜಿಕಿ ಆದ್ರ ನೀ ಮನ್ಯಾಗ ಇರು," ಎಂದೆ.

ಮರುದಿನವೆಲ್ಲ ನಾನೂ ಹಸೀನಾಳೂ ಚೀಲ ಕತ್ತರಿಸಿ, ಕುತ್ತಿಗೆ ಕೊರೆಯದಂತೆ ಚಿಂದಿಯ ಪಟ್ಟಿ ಕೊಟ್ಟು ಹೊಲಿದೆವು. ಈ ಸಲ ಅಕ್ಷರ ನೆಟ್ಟಗೆ ಬರುವಂತೆ ನೋಡಿಕೊಂಡೆವು. ನಮ್ಮೂರ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಚೀಲ ತೊಡುವುದು ಎಂದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ನಡೆದರೆ ಚರಚರ ಸದ್ದು ಬೇರೆ. ಆದರೂ ಸಂಜೆ ಎರಡೂ ಓಣಿಯವರು ಒಂದೇ ಥರದ ಚೀಲದಲ್ಲಿ ಬೆವರುತ್ತ ನಿಂತರು.

ಹೊತ್ತು ಮುಳುಗುವಾಗ ಕರೆಂಟು ಹೋಯಿತು. ಅದೇ ಹೊತ್ತಿಗೆ ಬೈಕುಗಳ ಸದ್ದು. ಎಲ್ಲ ಹೊರಗಿನ ಹುಡುಗರು, ಹೆಗಲ ಮೇಲೆ ಶಲ್ಯ. ನಮ್ಮ ಮೂಲೆಗೆ ಬಂದು ನಿಂತರು. ಮುಂದಿದ್ದವನು ಇಳಿದ. ಕೈಯಲ್ಲಿ ಕ್ರಿಕೆಟ್ ಸ್ಟಂಪ್ ಇತ್ತು.

"ಇಲ್ಲಿ ಆ ಕಡಿಯವ್ರ ಅಂಗಡಿ ಯಾವುದು?" ಎಂದ.

ಅವನು ಟಾರ್ಚಿನ ಬೆಳಕಲ್ಲಿ ಒಬ್ಬೊಬ್ಬರನ್ನೇ ನೋಡಿದ. ಹೆಗಲು ನೋಡಿದರೆ ಚೀಲ, ಎದೆ ನೋಡಿದರೆ ಚೀಲ. ಯಾರು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ಮಹಬೂಬನ ಮುಂದೆ ನಿಂತು, "ನಿನ್ನ ಹೆಸರೇನಲೇ?" ಎಂದ.

ಮಹಬೂಬ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ವೀರೇಶ, ನಿನ್ನೆ ರಾಡು ತಂದಿದ್ದ ವೀರೇಶ, ಒಂದು ಹೆಜ್ಜೆ ಮುಂದೆ ಬಂದ. "ಓದಾಕ ಬರಲ್ಲೇನು? ಎದಿ ಮ್ಯಾಲ ಬರದದ ನೋಡು. ಸೋನಾ ಮಸೂರಿ. ಅವನ ಹೆಸರೂ ಅದೇ, ನನ್ನ ಹೆಸರೂ ಅದೇ."

ಹಿಂದಿನಿಂದ ಸಾಹುಕಾರರ ಮೆತ್ತಗಿನ ದನಿ ಬಂತು: "ನಂದೂ ಅದೇ ಅದಪ್ಪಾ." ಅವರೂ ಜುಬ್ಬದ ಮೇಲೆ ಚೀಲ ತೊಟ್ಟು ಬಂದು ನಿಂತದ್ದನ್ನು ನಾನು ಆಗಲೇ ನೋಡಿದ್ದು.

ಬೈಕಿನ ಮೇಲಿದ್ದ ಒಬ್ಬ ಕಿಸಕ್ಕೆಂದು ನಕ್ಕ. ಮುಂದಿದ್ದವನಿಗೆ ಅವಮಾನವಾಯಿತು. ಸೀದಾ ನಮ್ಮ ಅಂಗಡಿಗೆ ಬಂದ. ಒಳಗೆ ಚಾರ್ಜಿನ ದೀಪ ಹಚ್ಚಿಕೊಂಡು ಹಸೀನಾ ಹೊಲಿಯುತ್ತಿದ್ದಳು. ತಲೆಯ ಮೇಲೆ ಸೆರಗು, ಕಾಲು ಪೆಡಲಿನ ಮೇಲೆ. ಅವಳು ನಿಲ್ಲಿಸಲಿಲ್ಲ.

"ಈಕಿ ಯಾರು?" ಎಂದು ಸ್ಟಂಪನ್ನು ಮಷೀನಿನ ಕಡೆ ತೋರಿಸಿದ.

ನಾನು ಅವನಿಗೂ ಬಾಗಿಲಿಗೂ ನಡುವೆ ನಿಂತೆ. ನಾನು ಅಂಜಿದ್ದು ಚೀಲದ ಚರಚರ ಸದ್ದಿನಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ಆಗ ದೀಪದ ಬೆಳಕು ಅವನ ಶಲ್ಯದ ತುದಿಗೆ ಬಿತ್ತು. ಗುಲಾಬಿ ದಾರ.

ಅಂಜಿಕೆಯೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. "ಯಾರಂದ್ರ?" ಎಂದೆ. "ನಿನ್ನ ಹೆಗಲ ಮ್ಯಾಲಿನ ಶಲ್ಯ ಹೊಲಿದಾಕಿ."

"ಏನು?"

"ಅಂಚು ತಿರುವಿ ನೋಡ್ಕೋ. ಗುಲಾಬಿ ದಾರ ಅದಲ್ಲ? ಆ ಬಣ್ಣದ ದಾರ ಮುಗದಿತ್ತು. ಈ ಮಷೀನ ಮ್ಯಾಲ, ಇದೇ ಕಾಲಿಲೇ ತುಳದು ಹೊಲಿದಾಳ. ಅದನ್ನ ಹಾಕ್ಕೊಂಡು ಆಕಿನ್ನೇ ಹುಡಕ್ಕೊಂತ ಬಂದಿ? ಬಿಚ್ಚಿ ಇಡು. ಬಿಚ್ಚಿಟ್ಟು ಆಮ್ಯಾಲ ಕೇಳು ಆಕಿ ಯಾರಂತ."

ಅವನು ಅಂಚು ತಿರುಗಿಸಿ ನೋಡಿದ. ಹಿಂದಿನವರೂ ತಮ್ಮ ತಮ್ಮ ಅಂಚು ನೋಡಿಕೊಂಡರು, ಒಬ್ಬರಾದ ಮೇಲೆ ಒಬ್ಬರು. ಅಷ್ಟರಲ್ಲಿ ಹಸೀನಾ ಮಷೀನು ನಿಲ್ಲಿಸಿ, ತಲೆ ಎತ್ತಿ, ಕೈ ಚಾಚಿದಳು. "ಮೂಲ್ಯಾಗ ಬಿಚ್ಚಾಕತ್ತದ ನೋಡಪ್ಪಾ. ಕೊಡಿಲ್ಲೆ, ಒಂದು ಹೊಲಿಗಿ ಹಾಕಿ ಕೊಡ್ತೀನಿ."

ಗಿರಾಕಿಗೆ ಹೇಳುವ ಹಾಗೆಯೇ ಹೇಳಿದಳು.

ಅವನು ಶಲ್ಯ ಕೊಡಲಿಲ್ಲ. ಕಣ್ಣೀರು ಹಾಕಲಿಲ್ಲ, ಕ್ಷಮೆ ಕೇಳಲಿಲ್ಲ. ಬಾಗಿಲಲ್ಲಿದ್ದ ದಾರದ ಡಬ್ಬಿಗೆ ಜಾಡಿಸಿ ಒದ್ದ. ರೀಲುಗಳು ಓಣಿಯುದ್ದಕ್ಕೂ ಉರುಳಿದವು. ಅದೇ ಗಳಿಗೆಗೆ ವೀರೇಶ ತಾಟು ಬಾರಿಸಿದ. ಎರಡೂ ಓಣಿಯ ಬಾಗಿಲುಗಳು ತೆರೆದವು, ಮನೆಮನೆಯಿಂದ ತಾಟಿನ ಸದ್ದು ಎದ್ದಿತು. "ನಡೀಲೇ, ಸಾಕು," ಎಂದು ಹಿಂದಿದ್ದ ಒಬ್ಬ ಕರೆದ. ಹೋಗುವಾಗ ಸ್ಟಂಪ್ ಹಿಡಿದವನು ತನ್ನ ಶಲ್ಯವನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಮುದುಡಿ ಹಿಡಿದಿದ್ದ. ಅದನ್ನು ಸಿಟ್ಟಿನಿಂದ ಹಿಡಿದಿದ್ದನೋ, ನಾಚಿಕೆಯಿಂದಲೋ ನನಗೆ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ. ಮತ್ತೆ ಅವರು ನಮ್ಮ ಮೂಲೆಗೆ ಬರಲಿಲ್ಲ.

ಅವರು ಹೋದ ಮೇಲೆ ಹಸೀನಾ ಅತ್ತಳು. ನಾನೂ ಅತ್ತೆ. ಮಹಬೂಬನೂ ವೀರೇಶನೂ ಟಾರ್ಚ್ ಹಿಡಿದು ಚರಂಡಿಯವರೆಗೂ ಹೋಗಿ ರೀಲುಗಳನ್ನು ಹೆಕ್ಕಿ ತಂದರು. ಎಲ್ಲ ಬಣ್ಣದ ದಾರಗಳು ಒಂದಕ್ಕೊಂದು ಸುತ್ತಿಕೊಂಡಿದ್ದವು. ಬಿಡಿಸಲು ನಮಗೆ ಮರುದಿನ ಮಧ್ಯಾಹ್ನದವರೆಗೂ ಹಿಡಿಯಿತು.

ಈಗ ಊರು ತಣ್ಣಗಿದೆ. ನನ್ನ ಚೀಲ ಅಂಗಡಿಯ ಗೂಟದಲ್ಲಿ ಇನ್ನೂ ತೂಗಾಡುತ್ತಿದೆ. ಅದನ್ನು ಮತ್ತೆ ತೊಡುವ ದಿನ ಬಾರದಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ, ಬಂದರೆ ತೊಡುವವಳೇ. ಹಸೀನಾಳ ಮಷೀನು ಬಾಗಿಲಲ್ಲೇ ಇದೆ. ಫ್ಯಾನಿನ ಜಗಳವೂ ನಡೆದೇ ಇದೆ.

ಮೊನ್ನೆ ಅದೇ ಗುತ್ತಿಗೆದಾರ ಮತ್ತೊಂದು ಮೆರವಣಿಗೆಗೆ ಬಟ್ಟೆಯ ಗಂಟು ತಂದ. ಈ ಸಲ ಬೇರೆಯವರ ಬಣ್ಣ. ಒಲ್ಲೆ ಎನ್ನಬೇಕೆಂದು ನಾನು ಬಾಯಿ ತೆರೆದೆ. ಹಸೀನಾ ನನ್ನನ್ನು ತಡೆದು, ಗಂಟು ಒಳಗೆ ಎಳೆದುಕೊಂಡು, ಗುಲಾಬಿ ದಾರದ ರೀಲು ಎತ್ತಿ ಮಷೀನಿಗೆ ಏರಿಸಿದಳು.

"ಏ, ಆ ದಾರ ಹೊಂದಂಗಿಲ್ಲಲ್ಲ?" ಎಂದ ಅವನು.

"ನಮ್ಮ ಅಂಗಡ್ಯಾಗ ಎಲ್ಲಾ ಶಲ್ಯಕ್ಕೂ ಇದೇ ದಾರ," ಎಂದಳು. "ಬ್ಯಾಡಂದ್ರ ಗಂಟು ಒಯ್ರಿ."

ಅವನು ಗೊಣಗಿದ, ಆದರೆ ಗಂಟು ಒಯ್ಯಲಿಲ್ಲ. ನಾನು ನನ್ನ ಮಷೀನಿಗೂ ಗುಲಾಬಿ ರೀಲು ಏರಿಸಿದೆ.