ಉಂಗುರದಕ್ಕ ನಿಜ ಹೇಳಿದ ದಿನ

ಆಭರಣದಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಉಂಗುರದಕ್ಕ ಎಂದು. ನಿಶ್ಚಿತಾರ್ಥದ ವಜ್ರದುಂಗುರ ಮಾರುವುದು ಅವಳ ಕೆಲಸ. ಜೋಡಿ ಬಂದು ಕೂತ ಕೂಡಲೇ ಮಖಮಲ್ಲಿನ ತಟ್ಟೆ ಮುಂದಿಟ್ಟು ಕಥೆ ಶುರುಮಾಡುತ್ತಿದ್ದಳು. ಎಡಗೈಯ ಈ ಬೆರಳಿನಿಂದ ಒಂದು ನರ ನೇರ ಹೃದಯಕ್ಕೇ ಹೋಗುತ್ತದೆ. ಐನೂರು ವರ್ಷಗಳ ಹಿಂದೆ ಒಬ್ಬ ರಾಜಕುಮಾರ ತನ್ನ ವಧುವಿಗೆ ವಜ್ರದುಂಗುರ ಕೊಟ್ಟ. ವಜ್ರಕ್ಕೆ ಸವೆತವಿಲ್ಲ, ಪ್ರೀತಿಗೂ ಇಲ್ಲ. ಇದೆಲ್ಲ ಕೆಲಸಕ್ಕೆ ಸೇರಿದ ವಾರ ಅಂಗಡಿಯವರು ಬಾಯಿಪಾಠ ಮಾಡಿಸಿದ್ದು. "ಹಾಡಿದ್ದೇ ಹಾಡೋ ಕಿಸಬಾಯಿದಾಸ ಆಗ್ಬಿಟ್ಟೆ" ಎಂದು ತಾನೇ ನಗುತ್ತಿದ್ದಳು. ಕುರ್ಚಿ ಗಿರಾಕಿಗಳಿಗೆ ಮಾತ್ರ. ಸಂಜೆಯ ಹೊತ್ತಿಗೆ ಅವಳ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿರುತ್ತಿತ್ತು.

ಮಗಳಿಗೆ ಗಂಡು ಗೊತ್ತಾದಾಗ ಆ ಹುಡುಗನನ್ನೂ ಅದೇ ಮೇಜಿನ ಮುಂದೆ ಕೂರಿಸಿ ಅದೇ ಕಥೆ ಹೇಳಿದ್ದಳು. ಅವತ್ತು ಮಾತ್ರ ನಂಬಿ ಹೇಳಿದ್ದಳು. ಮದುವೆ ಬಹಳ ಕಾಲ ಬಾಳಲಿಲ್ಲ. ಮಗಳು ಎರಡು ಚೀಲ ಹಿಡಿದು ತವರಿಗೆ ಬಂದು, ತಾಯಿಯ ಕೋಣೆಯಲ್ಲೇ ನೆಲದ ಮೇಲೆ ಹಾಸಿಗೆ ಹಾಸಿಕೊಂಡಳು.

ಒಂದು ಬೆಳಿಗ್ಗೆ ಮಗಳು ಉಂಗುರ ಕಳಚಿ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಬೆರಳಲ್ಲಿ ಅದರ ಬಿಳಿ ಗುರುತು ಉಳಿದಿತ್ತು.

"ಇದನ್ನ ನಿಮ್ಮ ಅಂಗಡಿಗೇ ಕೊಟ್ಬಿಡಮ್ಮ. ನೋಡಿ ನೋಡಿ ಸಾಕಾಗಿದೆ."

"ಕೊಡೋಣ. ಮೊದ್ಲು ತಿಂಡಿ ತಿನ್ನು."

"ಆ ನರದ ಕಥೆ ನಿಂಗೆ ಯಾರು ಹೇಳಿದ್ದು?"

"ಅಂಗಡಿಯವ್ರೇ ಕಣೆ" ಎಂದಳು ತಾಯಿ.

ಅವತ್ತು ಬಂದ ಮೊದಲ ಜೋಡಿಗೆ ಉಂಗುರದಕ್ಕ ತಟ್ಟೆ ಮುಂದಿಟ್ಟಳು. ಕಥೆ ಮಾತ್ರ ಬಾಯಿಗೆ ಬರಲಿಲ್ಲ. ಹುಡುಗಿಯೇ ಕೇಳಿದಳು, "ಈ ಬೆರಳಿಂದ ಹೃದಯಕ್ಕೆ ನರ ಇರೋದು ನಿಜಾನಾ ಆಂಟಿ?"

"ಇಲ್ಲಮ್ಮ. ಹಿಂದಿನವರು ಹಾಗೆ ನಂಬಿದ್ರು, ಅಷ್ಟೇ. ಆ ಕಾಲದಲ್ಲಿ ಕಬ್ಬಿಣದ ಉಂಗುರಾನೂ ಹಾಕ್ತಿದ್ರಂತೆ. ವಜ್ರ ಏನಿದ್ರೂ ಅರಮನೆಯವರ ಸೊತ್ತು. ಎಲ್ಲರಿಗೂ ಬೇಕೇ ಬೇಕು ಅಂತ ಆಗಿದ್ದು ನಮ್ಮಜ್ಜಿ ಕಾಲಕ್ಕೆ, ವಜ್ರದ ವ್ಯಾಪಾರಿಗಳು ಜಾಹೀರಾತು ಹಾಕಿ ಹಾಕಿ. ಗಟ್ಟಿ ಅಂತೀವಿ. ಏಟು ಬೀಳಬಾರದ ಕಡೆ ಬಿದ್ರೆ ಅದೂ ಒಡೆಯುತ್ತೆ."

ಹೇಳಿ ಮುಗಿಸಿದ ಮೇಲೆ ಕೆಲಸ ಹೋಯಿತೆಂದುಕೊಂಡಳು. ಹುಡುಗ ತಟ್ಟೆಯನ್ನು ಹತ್ತಿರ ಎಳೆದುಕೊಂಡ. "ಒಡೆಯೋದೇ ಆದ್ರೆ ಸ್ವಲ್ಪ ದೊಡ್ಡದೇ ಇರ್ಲಿ ಬಿಡಿ."

ಹುಡುಗಿ ನಕ್ಕಳು. "ಕಥೆ ಸುಳ್ಳಾದ್ರೆ ಆಗ್ಲಿ ಆಂಟಿ. ಇವನು ಕೊಡ್ತಿರೋದು ನಿಜ ತಾನೇ?"

ಅವರು ಆರಿಸಿದ ಉಂಗುರವನ್ನು ಉಂಗುರದಕ್ಕ ಒರೆಸಿ ಡಬ್ಬಿಯಲ್ಲಿಟ್ಟು ಕೊಟ್ಟಳು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಾಲೀಕರು ಹತ್ತಿರ ಬಂದರು. "ಭೇಷ್ ಕಣಮ್ಮ. ಇನ್ಮೇಲೆ ಎಲ್ಲರಿಗೂ ಹೀಗೇ ಹೇಳು. ನಿಜ ಹೇಳೋ ಅಂಗಡಿ ಅಂತ ಹೆಸರು ಬರ್ಲಿ."

ಅವಳಿಗೆ ಸುಸ್ತು ಒಮ್ಮೆಗೇ ಮೈಮೇಲೆ ಬಂದಂತಾಯಿತು. ನಾಳೆಯಿಂದ ಇದನ್ನೂ ಬಾಯಿಪಾಠದಂತೆ ಒಪ್ಪಿಸಬೇಕು.

"ನನ್ನನ್ನ ರಿಪೇರಿ ಮೇಜಿಗೆ ಹಾಕಿ ಸಾರ್."

"ಅಲ್ಲಿ ಕಮಿಷನ್ ಇಲ್ಲ."

"ಕುರ್ಚಿ ಇದೆಯಲ್ಲ."

ಮಾಲೀಕರು ಗೊಣಗುತ್ತಲೇ ಒಪ್ಪಿದರು. ಈಗ ಅವಳು ಸಡಿಲವಾದ ಹರಳು, ಬಿಗಿಯಾದ ಉಂಗುರಗಳನ್ನು ತೆಗೆದುಕೊಂಡು ಹೆಸರಿನ ಚೀಟಿ ಕಟ್ಟಿ ಒಳಗೆ ಕಳಿಸುತ್ತಾಳೆ. ಯಾರೂ ಕಥೆ ಕೇಳುವುದಿಲ್ಲ.

ನಿಜ ಹೇಳಿದ ಅವತ್ತು ಸಂಜೆ, ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಮನೆಯಲ್ಲಿ ಹೇಳಿದಾಗ, "ಅಷ್ಟೆಲ್ಲ ಹೇಳಿದ ಮೇಲೂ ತಗೊಂಡ್ರಾ?" ಎಂದು ಮಗಳು ನಗತೊಡಗಿದಳು, ನಗುನಗುತ್ತಲೇ ಅತ್ತಳು. ತಾಯಿ ಅವಳ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತಳು.

ಮಗಳ ಉಂಗುರಕ್ಕೆ ಅಂಗಡಿಯಲ್ಲಿ ಸಿಕ್ಕಿದ್ದು ಅಷ್ಟಕ್ಕಷ್ಟೇ. ಆ ದುಡ್ಡಿಗೆ ಅವಳು ತನಗೊಂದು ಮಂಚ ಕೊಂಡಳು. ತಾಯಿ ಮಗಳಿಬ್ಬರೂ ಅದನ್ನು ದೂಡಿ ಕಿಟಕಿಯ ಪಕ್ಕಕ್ಕೆ ಹಾಕಿದರು. ಒಂದು ಕಾಲು ಗಿಡ್ಡವಿತ್ತು. ಕೆಳಗೆ ರಟ್ಟು ಮಡಚಿಟ್ಟ ಮೇಲೆ ಅಲುಗಾಡುವುದು ನಿಂತಿತು.