ಆರು ದಿನ ಇಪ್ಪತ್ತು ಗಂಟೆ ತಡವಾಗಿ ಹೊರಡುವ ರೈಲು

ಗುರುವಾರ ಬೆಳಗಿನ ನಾಲ್ಕೂವರೆ. ಕೋಲ್ಪಾನಿ ನಿಲ್ದಾಣದ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿ ಕಲ್ಲಾಗಿದೆ. ನಿಲ್ದಾಣದ ಮುಖ್ಯಸ್ಥೆ ಹಿಲಾರಿಯಾ ಚುಕಿಚಾಂಬಿ ಮೂರು ಲಂಗಗಳ ಮೇಲೆ ರೈಲ್ವೆಯ ನೀಲಿ ಕೋಟು ಹಾಕಿಕೊಂಡು, ದುಂಡು ಹ್ಯಾಟನ್ನು ಹಣೆಗೆ ಒತ್ತಿಕೊಂಡು ರೈಲು ಡಬ್ಬಿಯ ಬಾಗಿಲಲ್ಲಿ ನಿಂತಿದ್ದಾರೆ. ಕತ್ತಲಿನಿಂದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಬೆನ್ನ ಮೇಲೆ ಬಣ್ಣದ ಬಟ್ಟೆಯ ಗಂಟು, ಕೈಯಲ್ಲಿ ಇನ್ನೊಂದು.

"ಎಷ್ಟು ಗಂಟು, ಕಸಿಲ್ಡಾ?"

"ಎರಡು."

"ನಂಗೆ ಮೂರು ಕಾಣ್ತಿದೆಯಲ್ಲೇ!"

"ಮೂರನೇದು ನನ್ನ ಮೊಮ್ಮಗಳು ಕಣೇ, ಕಣ್ಣು ಕಾಣಲ್ವಾ?"

"ಹಂಗಾದ್ರೆ ಅದಕ್ಕೆ ಚೀಟಿ ಬೇಡ. ಸಂತೇಲಿ ಮರೆತು ಮಾರಿಬಿಟ್ಟೀಯ, ಹುಷಾರು."

ಐದಕ್ಕೆ ಸರಿಯಾಗಿ ಎಂಜಿನ್ ಕೂಗುತ್ತದೆ. ರೈಲಿನ ಬೆನ್ನು ಮರೆಯಾಗುವವರೆಗೆ ನಿಂತಿದ್ದ ಹಿಲಾರಿಯಾ ಒಳಗೆ ಬಂದು, ಬೆರಳುಗಳಿಗೆ ಉಸಿರು ಊದಿಕೊಂಡು, ದಾಖಲೆ ಪುಸ್ತಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಯುತ್ತಾರೆ: "ಕಳೆದ ಗುರುವಾರ ಬೆಳಿಗ್ಗೆ ಒಂಬತ್ತರ ರೈಲು. ಹೊರಟದ್ದು ಈ ಗುರುವಾರ ಐದಕ್ಕೆ. ತಡ: ಆರು ದಿನ ಇಪ್ಪತ್ತು ಗಂಟೆ."

ಇದು ತಮಾಷೆಯಲ್ಲ. ಬೊಲಿವಿಯಾದ ಈ ಎತ್ತರದ ಬಯಲಿನಲ್ಲಿ ಒಂದು ಸರ್ಕಾರಿ ರೈಲು ಉಳಿದಿರುವುದೇ ಈ ಸಾಲಿನಿಂದ.

ಕೋಲ್ಪಾನಿಯಿಂದ ಎರಡೂವರೆ ಗಂಟೆ ದೂರದಲ್ಲಿ ವಿಲಾಪಾಂಪಾ. ಅಲ್ಲಿ ಗುರುವಾರ ಸಂತೆ. ಪಟ್ಟಣದ ವ್ಯಾಪಾರಿಗಳು ಏಳೂವರೆಗೆ ಬರುತ್ತಾರೆ, ಹನ್ನೊಂದಕ್ಕೆ ಜಾಗ ಖಾಲಿ. ವಾರಕ್ಕೊಮ್ಮೆ, ಗುರುವಾರ ಒಂಬತ್ತಕ್ಕೆ ಹೊರಡುವ ರೈಲು ತಲುಪುತ್ತಿದ್ದದ್ದು ಹನ್ನೊಂದೂವರೆಗೆ. ಒಂದು ವರ್ಷವಲ್ಲ, ಎರಡಲ್ಲ, ಹತ್ತೊಂಬತ್ತು ವರ್ಷ! ಗಂಟು ಬಿಚ್ಚುವ ಹೊತ್ತಿಗೆ ಸಂತೆಯಲ್ಲಿ ನಾಯಿಗಳು ಮಾತ್ರ. ಹಾಗಾಗಿ ಹೆಂಗಸರು ಲಾರಿ ಹತ್ತಿ, ಮೂಟೆಗಳ ಮೇಲೆ ಚಳಿಯಲ್ಲಿ ಸೆಟೆದುಕೊಂಡು ಹೋಗುತ್ತಿದ್ದರು. ರೈಲಿನಲ್ಲಿ ಉಚಿತ ಪಾಸಿನ ಒಂಬತ್ತು ಜನ ಮುದುಕರು. ರಾಜಧಾನಿಯ ಕೇಂದ್ರ ಕಚೇರಿಯವರು ಇದನ್ನು ನೋಡಿ ಏನೆಂದರು? "ಈ ಜನಕ್ಕೆ ರೈಲು ಬೇಕಿಲ್ಲ" ಎಂದರು. ಬಾಗಿಲಿಗೆ ಬೀಗ ಹಾಕಿ ಗಿರಾಕಿ ಬರುತ್ತಿಲ್ಲ ಎಂದು ಗೋಳಾಡುವ ಅಂಗಡಿಯವನನ್ನು ನಮ್ಮೂರಲ್ಲಾದರೆ ಹುಚ್ಚ ಎನ್ನುತ್ತಾರೆ. ಅಲ್ಲಿ ಅವನಿಗೆ ಬಡ್ತಿ ಕೊಡುತ್ತಾರೆ.

ಹಿಲಾರಿಯಾ ಹಳಿ ರಿಪೇರಿಯ ಕೂಲಿಯವನ ಮಗಳು. ಓದಿದ್ದು ಐದನೇ ತರಗತಿ. ಹದಿನೇಳಕ್ಕೆ ಇದೇ ನಿಲ್ದಾಣದಲ್ಲಿ ಕಸ ಗುಡಿಸಲು ಸೇರಿದರು. ಗುಡಿಸುತ್ತ ಗುಡಿಸುತ್ತ ತಂತಿ ಯಂತ್ರದ ಸದ್ದನ್ನು ಕಿವಿಯಲ್ಲೇ ಕಲಿತರು. ಈಗ ವಯಸ್ಸು ನಲವತ್ತೆಂಟು. ರೈಲಿನ ಹೊತ್ತು ಬದಲಿಸಿ ಎಂದು ಕಚೇರಿಗೆ ಹನ್ನೊಂದು ಪತ್ರ ಬರೆದಿದ್ದಾರೆ. "ಒಂದಕ್ಕೆ ಉತ್ತರ ಬಂತು" ಎನ್ನುತ್ತಾರೆ. "ನನ್ನ ಕೈಬರಹ ಸರಿಯಿಲ್ಲ ಅಂತ."

ಫೆಬ್ರವರಿಯಲ್ಲಿ ಹನ್ನೆರಡನೆಯ ಕಾಗದವನ್ನು ಕಚೇರಿಯೇ ಬರೆಯಿತು. ಜೂನ್ ಮುಗಿಯುವುದರೊಳಗೆ ವಾರಕ್ಕೆ ಅರವತ್ತು ಜನ ಹತ್ತದಿದ್ದರೆ ಹಳಿ ಕಿತ್ತು ಗುಜರಿಗೆ ಹಾಕುವುದಾಗಿ ಆದೇಶ. ಅದೇ ವಾರ ಎಂಜಿನ್ ಕೆಟ್ಟು ಗುರುವಾರದ ರೈಲು ಹೊರಡಲೇ ಇಲ್ಲ. ಹಿಲಾರಿಯಾ ನಿಯಮ ಪುಸ್ತಕ ಹಿಡಿದು ಕೂತರು. ಯಾವ ರೈಲೂ ನಿಗದಿತ ಹೊತ್ತಿಗೆ ಮುಂಚೆ ಹೊರಡಕೂಡದು ಎಂದಿತ್ತು. ತಡವಾದ ರೈಲನ್ನು ಎಂಜಿನ್ ಸಿಕ್ಕ ಕೂಡಲೇ ನಿಲ್ದಾಣದ ಮುಖ್ಯಸ್ಥರು ಕಳಿಸಬಹುದು ಎಂದೂ ಇತ್ತು. ಎಷ್ಟು ತಡವಾಗಿರಬಹುದು ಎಂದು ಎಲ್ಲೂ ಇರಲಿಲ್ಲ.

ಮುಂದಿನ ಬುಧವಾರ ಸಂಜೆ ಎಂಜಿನ್ ರಿಪೇರಿಯಾಗಿ ಬಂತು. ಚಾಲಕ ಅನಿಸೆತೊ ಕೋಲ್ಕೆ ಇಳಿದು ಕೈ ಒರೆಸಿಕೊಳ್ಳುತ್ತಿದ್ದ.

"ನಾಳೆ ಐದಕ್ಕೆ ಹೊರಡ್ತೀಯೇನೋ?"

"ಒಂಬತ್ತರ ಗಾಡಿ ಐದಕ್ಕಾ? ನನ್ನ ಹೊಟ್ಟೆ ಮೇಲೆ ಹೊಡೀಬೇಡ ಅಕ್ಕಾ."

"ಅದು ನಾಳೆ ಗಾಡಿ ಅಲ್ಲ ಕಣೋ. ಹೋದ ವಾರದ್ದು."

ಅನಿಸೆತೊ ಜಗಿಯುತ್ತಿದ್ದ ಕೋಕಾ ಎಲೆಯನ್ನು ಉಗಿದ. ಆಮೇಲೆ ಕೆಮ್ಮು ಬರುವಷ್ಟು ನಕ್ಕ. "ಹಂಗಾದ್ರೆ ಹೊರಟೇಬಿಡೋಣ. ಈಗಾಗ್ಲೇ ಬಹಳ ತಡ ಆಗಿದೆ."

ಈ ಕವಲು ಹಳಿಯಲ್ಲಿ ಓಡುವುದು ಇದೊಂದೇ ರೈಲು, ಎದುರಿಗೆ ಬರುವ ಗಾಡಿಯಿಲ್ಲ. ವಿಲಾಪಾಂಪಾದ ನಿಲ್ದಾಣದವನೂ ತಂತಿಯಲ್ಲಿ ಹೂಂ ಎಂದ. ಆ ಗುರುವಾರ ಮೂವತ್ತೊಂದು ಜನ ಹತ್ತಿದರು. ಇದ್ದೊಂದು ಎಂಜಿನ್ ಐದಕ್ಕೇ ಹೋದ ಮೇಲೆ ಅಂದಿನ ಒಂಬತ್ತರ ರೈಲು ಹೊರಡುವುದಾದರೂ ಹೇಗೆ? ಅದೂ ತಡವಾಯಿತು. ಮುಂದಿನ ಗುರುವಾರ ಐದಕ್ಕೆ ಹೊರಟಿತು. ಅವತ್ತು ಎಪ್ಪತ್ತನಾಲ್ಕು ಜನ. ಈಗ ವಾರಕ್ಕೆ ನೂರ ಅರವತ್ತು ಜನ, ಮುನ್ನೂರು ಗಂಟು. ಚುನ್ಯೋ, ಅಂದರೆ ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ, ಜೊತೆಗೆ ಕಿನುವಾ ಧಾನ್ಯ, ಕುರಿ ಹಾಲಿನ ಚೀಸ್, ಉಪ್ಪು.

ಗಂಟಿನ ವಿಷಯದಲ್ಲೂ ಕಚೇರಿಗೆ ತಲೆ ಓಡಿರಲಿಲ್ಲ. ಸಾಮಾನಿನ ಡಬ್ಬಿ ಬೇರೆ, ಜನರ ಡಬ್ಬಿ ಬೇರೆ. "ನಮ್ಮ ಹೆಂಗಸ್ರು ಗಂಡನ್ನ ಬೇಕಾದ್ರೆ ಬೇರೆ ಡಬ್ಬೀಲಿ ಕೂರಿಸ್ತಾರೆ, ಗಂಟನ್ನ ಬಿಡಲ್ಲ" ಎನ್ನುತ್ತಾರೆ ಹಿಲಾರಿಯಾ. ಜನರ ಡಬ್ಬಿಯಲ್ಲೇ ಗಂಟಿಗೆ ಜಾಗವಾಗಲೆಂದು ಎಂಟು ಬೆಂಚು ಬಿಚ್ಚಿಸಿ ಗೋದಾಮಿನಲ್ಲಿ ಇಟ್ಟರು. ಮೂಟೆ ತೂಗುವುದನ್ನು ನಿಲ್ಲಿಸಿ, ಗಂಟಿಗೊಂದು ಚೀಟಿ ಎಂದರು. ಅಷ್ಟೇ. ಇದಕ್ಕೆ ವಿದೇಶದ ಸಲಹೆಗಾರ ಬೇಕೆ?

ಸಮಯಪಾಲನೆ ವಿಭಾಗದಿಂದ ಪ್ರತಿ ಶುಕ್ರವಾರ ತಂತಿ ಬರುತ್ತದೆ: "ತಡಕ್ಕೆ ಕಾರಣ ತಿಳಿಸಿ." ಹಿಲಾರಿಯಾ ಪ್ರತಿ ಶುಕ್ರವಾರ ಒಂದೇ ಉತ್ತರ ಕೊಡುತ್ತಾರೆ: "ಪ್ರಯಾಣಿಕರು ಹತ್ತುತ್ತಿದ್ದರು."

ಮೇ ತಿಂಗಳಲ್ಲಿ ಒಬ್ಬ ತಪಾಸಣಾಧಿಕಾರಿ ಬಂದರು. ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಚುನ್ಯೋ ಮೇಲೆ ಕೂತ್ಕೊಳ್ಳಿ ಸ್ವಾಮಿ" ಎಂದಳು ಕಸಿಲ್ಡಾ. "ಚೀಸ್ ಮೇಲೆ ಬೇಡ, ನಿಮ್ಮನ್ನೂ ಸೇರಿಸಿ ಮಾರ್ಬೇಕಾಗತ್ತೆ." ಅವರು ಚುನ್ಯೋ ಮೇಲೆ ಕೂತು, ತಲೆಗಳನ್ನು ಎಣಿಸಿ ಬರೆದುಕೊಂಡು ಇಳಿದು ಹೋದರು.

ಜೂನ್ ಮೊದಲ ವಾರ ಆದೇಶದ ಕರಡು ಬಂತು. ಹಳಿ ಕೀಳುವುದಿಲ್ಲ. ಜುಲೈಯಿಂದ ಐದರ ರೈಲು ವೇಳಾಪಟ್ಟಿಗೆ ಸೇರುತ್ತದೆ. ಆದರೆ ದಾಖಲೆ ಪುಸ್ತಕದಲ್ಲಿ ಸುಳ್ಳು ಬರೆದೆನೆಂದು ಹಿಲಾರಿಯಾ ಒಪ್ಪಿ ಸಹಿ ಹಾಕಬೇಕು, ವರ್ಗವಾಗಿ ಹೋಗಬೇಕು.

ವಿಷಯ ಕೇಳಿ ಹೆಂಗಸರು ನಿಲ್ದಾಣಕ್ಕೆ ನುಗ್ಗಿದರು. "ಹಳಿ ಮೇಲೆ ಕೂತ್ಕೋತೀವಿ ಅಕ್ಕಾ! ಒಂದು ಗಾಡೀನೂ ಅಲ್ಲಾಡ್ಬಾರ್ದು!"

ಹಿಲಾರಿಯಾ ಪೊರಕೆ ಎತ್ತಿಕೊಂಡರು. "ಕೂತ್ಕೊಳ್ಳಿ ನೋಡೋಣ! ಗಾಡಿ ಓಡ್ಲಿ ಅಂತ ನಾನು ಇಷ್ಟು ಬಡ್ಕೊಂಡಿದ್ದು, ನೀವು ನಿಲ್ಲಿಸ್ಲಿ ಅಂತಲ್ಲ."

ಅವರು ಕಾಗದ ಬಿಡಿಸಿದರು. "ಸುಳ್ಳು" ಎಂಬ ಪದದ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದರು. ಕೆಳಗೆ ಸಹಿ ಹಾಕಿ ಕಳಿಸಿದರು. "ವರ್ಗ ಮಾಡ್ಲಿ, ಅದು ಅವರ ಕೈಲಿದೆ. ಆ ಪುಸ್ತಕದಲ್ಲಿ ಒಂದಕ್ಷರ ಸುಳ್ಳಿಲ್ಲ. ರೈಲು ತಡ ಆಗಿತ್ತು. ಹತ್ತೊಂಬತ್ತು ವರ್ಷ ತಡ ಆಗಿತ್ತು."

ಗೆರೆ ಎಳೆದ ಕಾಗದವನ್ನು ಕಚೇರಿ ಹಿಂದಕ್ಕೆ ಕಳಿಸಲಿಲ್ಲ. ನೂರ ಅರವತ್ತು ಗಿರಾಕಿಗಳನ್ನು ಬಿಟ್ಟುಕೊಡುವ ಧೈರ್ಯ ಈಗ ಅದಕ್ಕೂ ಇಲ್ಲ. ಈ ಸೋಮವಾರ ಅಚ್ಚಾದ ವೇಳಾಪಟ್ಟಿ ಬಂದಿದೆ: ಕೋಲ್ಪಾನಿ, ಗುರುವಾರ, ಬೆಳಿಗ್ಗೆ ಐದು. ಅದರ ಜೊತೆಯಲ್ಲೇ ವರ್ಗದ ಆದೇಶವೂ ಬಂದಿದೆ. ಉಪ್ಪಿನ ಬಯಲಿನ ಆಚೆ, ವಾರಕ್ಕೆ ನಾಲ್ಕು ಜನ ಹತ್ತುವ ಒಂದು ನಿಲ್ದಾಣ. ಬಡ್ತಿಯಿಲ್ಲ, ಒಂದು ಒಳ್ಳೆಯ ಮಾತೂ ಇಲ್ಲ.

ಹಿಲಾರಿಯಾ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾರೆ. ಬೇಜಾರಿಲ್ಲವೇ ಎಂದರೆ ತಲೆ ಎತ್ತುವುದಿಲ್ಲ.

"ಬೇಜಾರು ಕಚೇರಿಯವ್ರಿಗಾಗ್ಬೇಕು. ಅಲ್ಲಿಗೆ ಹೋದ ಕೂಡ್ಲೇ ನಾನು ಕೇಳೋದು ಒಂದೇ: ಇಲ್ಲಿ ಸಂತೆ ಯಾವತ್ತು?"