ಶನಿವಾರದ ಎಂ.ಟೆಕ್

ನವಿಲುತೀರ್ಥದ ನೀರಾವರಿ ಕಚೇರಿಯಲ್ಲಿ ಇಂಜಿನಿಯರ್ ಆಗಿದ್ದ ನಾಸಿರನಿಗೆ ನಲವತ್ತರ ಹೊಸ್ತಿಲಲ್ಲಿ ಎಂ.ಟೆಕ್ ಮಾಡುವ ಹುಕಿ ಬಂತು. 2007ರ ಮಾತು. ಕೆಲಸ ಬಿಡಬೇಕಾಗಿರಲಿಲ್ಲ, ಫೀ ಕೂಡ ಅವನ ಸಂಬಳಕ್ಕೆ ಎಟುಕುವಂಥದ್ದು. ಶನಿವಾರ ಮಧ್ಯಾಹ್ನ ಇಂಟರ್‌ನೆಟ್ಟಿನಲ್ಲಿ ಪಾಠ, ಬೇಸಿಗೆಯಲ್ಲಿ ರಜೆ ಹಾಕಿ ಬೆಂಗಳೂರಿಗೆ ಹೋಗಿ ಲ್ಯಾಬು. ಮನೆಯಲ್ಲಿ ಕಂಪ್ಯೂಟರಿಲ್ಲ, ಸವದತ್ತಿಯ ಬಸ್ ಸ್ಟ್ಯಾಂಡ್ ಎದುರಿಗಿದ್ದ ಅಂದಾನೆಪ್ಪನ ಸೈಬರ್ ಕೆಫೆಯೇ ಅವನ ಕಾಲೇಜಾಯಿತು.

ತೊಡಕೆಂದರೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಮೇಲೆ ಅವನಿಗೆ ತನ್ನ ದನಿಯ ಅಂದಾಜೇ ಸಿಗುತ್ತಿರಲಿಲ್ಲ. “ಸರ್, ನನಗ ತಿಳೀಲಿಲ್ರಿ, ಮತ್ತೊಮ್ಮೆ ಹೇಳ್ರಿ” ಎಂದು ಕೂಗಿದರೆ ಬೆಳಗಾವಿ ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುತ್ತಿದ್ದರು. ಹಾಗೆ ನೋಡಿದವರಲ್ಲಿ ಪಕ್ಕದ ಮನೆಯ ಗುರವ್ವನೂ ಒಬ್ಬಳು. ಮರುದಿನವೇ ಅವಳು ನಾಸಿರನ ತಾಯಿ ರಾಜಮಾಳ ಕಟ್ಟೆಯ ಮೇಲೆ ಬಂದು ಕುಳಿತಳು.

“ನಿಮ್ಮ ಮಗ ಇಂಜಿನಿಯರ್ ಪರೀಕ್ಷಾದಾಗ ಫೇಲ್ ಆಗಿದ್ನಂತ, ಈಗ ಮತ್ತ ಕಟ್ಟಾಕ ಹತ್ಯಾನಂತ. ಹಂಗಾರ ಡ್ಯಾಮಿನ ಗೇಟ ಅವನ ಕೈಯಾಗ ಹೆಂಗ ಕೊಟ್ಟಾರ್ರಿ?”

ರಾಜಮಾ ಅಂದೇ ಸಂಜೆ ಮಗನನ್ನು ಹಿಡಿದು ಕೇಳಿದಳು. ಮಗ ಆಣೆ ಮಾಡಿ ಹೇಳಿದರೂ ನಂಬದೆ, ಮುಂದಿನ ಶನಿವಾರ ತಲೆಯ ಮೇಲೆ ಸೆರಗೆಳೆದುಕೊಂಡು ಅವನ ಸ್ಕೂಟರಿನ ಹಿಂದೆ ಕುಳಿತೇಬಿಟ್ಟಳು. ಅಂದಾನೆಪ್ಪ ಅವಳಿಗೂ ಕೇಳಲೆಂದು ಹೆಡ್‌ಫೋನ್ ಕಿತ್ತು ಸ್ಪೀಕರ್ ಹಚ್ಚಿಕೊಟ್ಟ.

ಪಾಠ ಮುಗಿಯಿತು. ಪ್ರೊಫೆಸರರು “ಯಾರಿಗಾದರೂ ಸಂಶಯ ಇದೆಯಾ?” ಎಂದದ್ದೇ ತಡ, ಅವಳು ಮಗನನ್ನು ಪಕ್ಕಕ್ಕೆ ಸರಿಸಿ ಕ್ಯಾಮೆರಾಕ್ಕೆ ಸಲಾಂ ಮಾಡಿದಳು.

“ಸರ್ರ, ನಾ ನಾಸಿರನ ತಾಯಿ. ಇವ ಫೇಲ್ ಆಗ್ಯಾನೇನ್ರಿ? ಖರೇ ಹೇಳ್ರಿ.”

ಎಲ್ಲೆಲ್ಲೋ ಕುಳಿತು ಪಾಠ ಕೇಳುತ್ತಿದ್ದ ಇಂಜಿನಿಯರುಗಳು ನಕ್ಕ ಸದ್ದು ಸ್ಪೀಕರಿನಲ್ಲಿ ಬಂತು. ಪ್ರೊಫೆಸರರು ಮಾತ್ರ ನಗಲಿಲ್ಲ.

“ಫೇಲ್ ಏನಿಲ್ಲಮ್ಮ, ಇದು ಮುಂದಿನ ಓದು. ಆದರೆ ಎರಡು ತಿಂಗಳಿಂದ ಹೋಮ್‌ವರ್ಕ್ ಕಳಿಸಿಲ್ಲ. ಡ್ಯಾಮಿನ ಕೆಲಸ ಜಾಸ್ತಿ ಅಂತಾರೆ.”

“ಸುಳ್ರಿ. ದಿನಾ ಸಂಜೀಕ ಕೇರಂ ಆಡತಾನ.”

ನಾಸಿರ ಕೀಬೋರ್ಡಿನ ಸಂದಿಯಲ್ಲಿ ಏನೋ ಬಿದ್ದಿದೆಯೆಂಬಂತೆ ತಲೆ ಬಗ್ಗಿಸಿದ.

ಅಂದಿನಿಂದ ಕೇರಂ ಬೋರ್ಡು ರಾಜಮಾಳ ಮಂಚದ ಕೆಳಗೆ ಸೇರಿತು. ಪ್ರೊಫೆಸರರು ಹಾಜರಿ ಕರೆಯುವಾಗ ನಾಸಿರನ ಹೆಸರು ಬಂದರೆ “ತಾಯಿ ಬಂದಿದ್ದಾರಾ?” ಎಂದು ಮೊದಲು ವಿಚಾರಿಸುವರು. ಬಂದೇ ಬಂದಿರುತ್ತಿದ್ದಳು. ಕಾಲುವೆಯ ಹರಿವಿನ ಲೆಕ್ಕ ಅವಳಿಗೆ ಒಂದಿಷ್ಟೂ ಹತ್ತಲಿಲ್ಲ. ಮಗ ಆಕಳಿಸಿದಾಗ ಮೊಣಕೈಯಿಂದ ತಿವಿಯುವುದಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಎರಡೂವರೆ ವರ್ಷಕ್ಕೆ ನಾಸಿರ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಕಚೇರಿಯಲ್ಲಿ ಪೇಡೆ ಹಂಚಿ ಮನೆಗೆ ಬಂದರೆ ತಾಯಿ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದಳು.

“ಯಾಕಮ್ಮಾ, ಖುಷಿ ಆಗಲಿಲ್ಲೇನು?”

“ಆತಪಾ. ಖರೇ, ಇನ್ನ ಶನಿವಾರ ನಾ ಏನ್ ಮಾಡ್ಲಿ? ಪಿಎಚ್‌ಡಿ ಅಂತೇನೋ ಐತಂತಲ್ಲ, ಆ ಸರ್ರನ್ನ ಕೇಳಿ ಇಟ್ಟೇನಿ.”